ಬಾಗಿದ ತಲೆ, ಬಳಲುವ ಬೆನ್ನು



ಸಂಜೆಯಾಗುತ್ತಲೇ ನಿಮ್ಮ ಹೆಗಲುಗಳ ನಡುವೆ, ಬೆನ್ನಿನ ಮೇಲ್ಭಾಗದಲ್ಲಿ ನೋವು ಕಾಣಿಸಿಕೊಳ್ಳುತ್ತದೆಯೇ? ಎಣ್ಣೆ ತಿಕ್ಕಿಸಿಕೊಂಡರೆ ರಾತ್ರಿ ಹಾಯೆನಿಸಿ, ಮರುದಿನ ಅದೇ ನೋವು ಮರಳುತ್ತದೆಯೇ? ಹಾಗಿದ್ದರೆ ಅದರ ಮೂಲ ಬೆನ್ನಿನಲ್ಲಿರದೆ, ನೀವು ತಲೆಯನ್ನು ಇಟ್ಟುಕೊಳ್ಳುವ ರೀತಿಯಲ್ಲಿರಬಹುದು.

ದೊಡ್ಡವರ ತಲೆ ಸುಮಾರು 5 ಕಿಲೋ ತೂಗುತ್ತದೆ. ನೆಟ್ಟಗಿದ್ದಾಗ ಈ ಭಾರ ಬಹುಪಾಲು ಕುತ್ತಿಗೆಯ 7 ಎಲುಬುಗಳ ಮೇಲಿರುತ್ತದೆ. ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತು ನಡೆಯುವ ತಾಯಂದಿರಿಗೆ ಇದು ಗೊತ್ತು. ಅದೇ ಕೊಡವನ್ನು ಕೈ ಮುಂದೆ ಚಾಚಿ ಹಿಡಿದರೆ ಎಷ್ಟು ಹೊತ್ತು ತಡೆದೀತು? ತಲೆ ಮುಂದೆ ಬಾಗಿದಾಗಲೂ ಹೀಗೆಯೇ. ಅದು ಜೋಲದಂತೆ ಹಿಂದಿನ ಸ್ನಾಯುಗಳು ಬಿಗಿಹಿಡಿಯಬೇಕು. ಇವುಗಳಲ್ಲಿ ದೊಡ್ಡದೊಂದು ತಲೆಬುರುಡೆಯ ಬುಡದಿಂದ ಹೆಗಲಿಗೆ ಹರಡಿ ನಡುಬೆನ್ನಿನವರೆಗೂ ಇಳಿಯುತ್ತದೆ. ಆದ್ದರಿಂದಲೇ ಬಾಗಿದ್ದು ತಲೆಯಾದರೂ ದಂಡ ತೆರುವುದು ಬೆನ್ನು. 2014ರಲ್ಲಿ ಅಮೆರಿಕದ ಬೆನ್ನೆಲುಬು ಶಸ್ತ್ರವೈದ್ಯರೊಬ್ಬರು ಹಾಕಿದ ಲೆಕ್ಕದಂತೆ, ತಲೆ 30 ಡಿಗ್ರಿ ಬಾಗಿದರೆ ಕುತ್ತಿಗೆಯ ಮೇಲೆ ಸುಮಾರು 18 ಕಿಲೋ, 60 ಡಿಗ್ರಿ ಬಾಗಿದರೆ 27 ಕಿಲೋ ಹೊರೆ ಬೀಳುತ್ತದೆ.

ನಮ್ಮ ಕೊಪ್ಪಳ ಸೀಮೆಯ ಕೆಲಸಗಳನ್ನೇ ನೋಡಿ. ಇರಕಲ್ಲಗಡದಂಥ ಊರುಗಳಲ್ಲಿ ರೊಟ್ಟಿ ಬಡಿಯುವುದು, ಶೇಂಗಾ ಸುಲಿಯುವುದು. ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಹಚ್ಚುವುದು. ಭಾಗ್ಯನಗರದಲ್ಲಿ ಕೂದಲಿನ ಸಿಕ್ಕು ಬಿಡಿಸುವುದು. ಎಲ್ಲವೂ ತಲೆ ತಗ್ಗಿಸಿ ಮಾಡುವ ಕೆಲಸಗಳೇ. ಮಕ್ಕಳ ಕೈಗೆ ಈಗ ಮೊಬೈಲ್ ಕೂಡ ಬಂದಿದೆ. ಹೊಟ್ಟೆಪಾಡಿನ ಕೆಲಸ ಬಿಡಿ ಎಂದು ಯಾರೂ ಹೇಳಲಾರರು. ಬಾಗುವುದೇ ತಪ್ಪಲ್ಲ, ಬಾಗಿದಂತೆಯೇ ಗಂಟೆಗಟ್ಟಲೆ ಉಳಿಯುವುದು ತೊಂದರೆ.

ಹೀಗೆ ಮಾಡಿ:

1. ತಲೆಯನ್ನು ಕೆಲಸದ ಬಳಿಗೆ ಇಳಿಸುವ ಬದಲು ಕೆಲಸವನ್ನೇ ಕಣ್ಣಿನ ಬಳಿಗೆ ಏರಿಸಿ. ಮೊರವನ್ನು ಎತ್ತರದ ಮಣೆಯ ಮೇಲಿಡಿ. ಓದುವ ಮಗುವಿನ ಪುಸ್ತಕಕ್ಕೆ ಓರೆಯಾದ ಹಲಗೆ ಕೊಡಿ. ಮೊಬೈಲನ್ನು ಮುಖದೆದುರಿಗೆ ಹಿಡಿಯಿರಿ.

2. ಅರ್ಧ ಗಂಟೆಗೊಮ್ಮೆ ತಲೆಯೆತ್ತಿ, ಹೆಗಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ನಾಲ್ಕು ಹೆಜ್ಜೆ ನಡೆಯಿರಿ.

3. ನೆಟ್ಟಗೆ ಕುಳಿತು, ಎದುರಿಗೆ ನೋಡುತ್ತಾ ಗದ್ದವನ್ನು ನೇರವಾಗಿ ಹಿಂದಕ್ಕೆ ಎಳೆದು ಐದು ಎಣಿಸುವವರೆಗೆ ಹಿಡಿದು ಬಿಡಿ. ದಿನಕ್ಕೆರಡು ಸಲ, ಹತ್ತತ್ತು ಬಾರಿ ಸಾಕು. ನೋವಾದರೆ ನಿಲ್ಲಿಸಿ.

ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುವಿ ಲಟಿಕೆ ಮುರಿಸಿಕೊಳ್ಳಬೇಡಿ. ಅದರಿಂದ ಕುತ್ತಿಗೆಯ ರಕ್ತನಾಳಕ್ಕೇ ಪೆಟ್ಟಾಗಬಹುದು. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ನಡಿಗೆ ತಪ್ಪಿದರೆ, ಬಿದ್ದ ಮೇಲೆ ನೋವು ಬಂದಿದ್ದರೆ ಅಥವಾ ನೋವಿನ ಜೊತೆ ಜ್ವರವಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ತಾಯಿ ಬೆನ್ನು ನೋವೆಂದಾಗ "ವಯಸ್ಸಾಯಿತು" ಎಂದು ಸುಮ್ಮನಾಗಬೇಡಿ. ಅವರು ದಿನವಿಡೀ ಹೇಗೆ ಕೂರುತ್ತಾರೆಂದು ಒಮ್ಮೆ ಗಮನಿಸಿ. ಒಂದು ಮಣೆಯಿಂದಲೇ ಅವರ ನೋವು ಕಡಿಮೆಯಾದೀತು.