ಮೋಡದ ಪುಸ್ತಕಕ್ಕೆ ಅಂಟಿಸಿದ ಒಂದು ಹಾಳೆ



ಪ್ರತಿ ಶನಿವಾರ ಏಳನೇ ತರಗತಿಯ ನಾವು ಒಂದನೇ ತರಗತಿಯ ಮಕ್ಕಳಿಗೆ ಚಿತ್ರದ ಪುಸ್ತಕ ಓದಿ ಹೇಳುತ್ತೇವೆ. ಕಳೆದ ತಿಂಗಳು ನನ್ನ ಸರದಿ ಬಂತು. ಮೋಡದ ಪುಸ್ತಕ ಆರಿಸಿಕೊಂಡೆ.

ಮೊದಲನೇ ಪುಟದಲ್ಲಿ ಒಂದು ಬಿಳಿ ಮೋಡ. "ಇದು ಯಾವ ಥರ ಕಾಣ್ತದೆ?" ಅಂದೆ. "ಹತ್ತಿ!" "ಕುರಿಮರಿ!" "ನಮ್ಮಜ್ಜಿ ತಲೆ!" ಎಲ್ಲರೂ ನಕ್ಕರು. ಮಿಸ್ ಹೇಳಿದರು, "ಪುಸ್ತಕ ಹಿಡ್ಕೊಂಡು ಅಂಗಳಕ್ಕೆ ನಡೀರಿ. ಚಿತ್ರದಲ್ಲಿರೋದು ಮೇಲೆ ಇದೆಯಾ ನೋಡೋಣ."

1802ರಲ್ಲಿ ಲಂಡನ್ನಿನಲ್ಲಿ ಲ್ಯೂಕ್ ಹೊವಾರ್ಡ್ ಎಂಬುವರು ಹೀಗೇ ಆಕಾಶ ನೋಡಿ ನೋಡಿ ಮೋಡಗಳನ್ನು ವಿಂಗಡಿಸಿ ಹೆಸರಿಟ್ಟರಂತೆ. ನಾವು ಗುರುತಿಸಲು ಕಲಿತದ್ದು ಇವು:

1. ರಾಶಿ ಮೋಡ: ಹತ್ತಿ ಗುಡ್ಡೆ ಹಾಕಿದ ಹಾಗೆ. ತಳ ಚಪ್ಪಟೆ.
2. ಪದರು ಮೋಡ: ಆಕಾಶಕ್ಕೆ ಬೂದು ಕಂಬಳಿ ಹೊದಿಸಿದ ಹಾಗೆ. ಸೋನೆ ಮಳೆ ಬರಬಹುದು.
3. ಹಿಮಕಣ ಮೋಡ: ಬಹಳ ಎತ್ತರದಲ್ಲಿ, ಕೂದಲೆಳೆಯಂತೆ. ಇದರಲ್ಲಿರುವುದು ಮಂಜುಗಡ್ಡೆಯ ಕಣಗಳು.
4. ರಾಶಿ ವೃಷ್ಟಿ ಮೋಡ: ಬೆಟ್ಟದಂತೆ ಬೆಳೆದದ್ದು. ತಳ ಕಪ್ಪು. ಗುಡುಗು, ಸಿಡಿಲು ಇದರದ್ದೇ.

"ಮೋಡದೊಳಗೆ ಏನೈತೆ ಅಕ್ಕ?" ಎಂದು ಒಬ್ಬಳು ಕೇಳಿದಳು. ಅಡುಗೆ ಕೋಣೆಯಿಂದ ಬಿಸಿನೀರಿನ ಲೋಟ ತಂದು ಮಿಸ್ ಅದರ ಮೇಲೆ ತಣ್ಣನೆ ತಟ್ಟೆ ಮುಚ್ಚಿದರು. ಸ್ವಲ್ಪ ಹೊತ್ತಿಗೆ ತಟ್ಟೆಯ ಅಡಿಯಲ್ಲಿ ಹನಿಗಳು! ನೀರಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಮೇಲೆ ಹೋಗಿ ತಣ್ಣಗಾದಾಗ ಸಣ್ಣ ಸಣ್ಣ ಹನಿಯಾಗುತ್ತದೆ. ಆ ಹನಿಗಳ ಗುಂಪೇ ಮೋಡ.

ಆಮೇಲಿನ ಪುಟದಲ್ಲಿ ಮಳೆ. ಒಬ್ಬ ಹುಡುಗ ಮರದ ಕೆಳಗೆ ನಿಂತು ನಗುತ್ತಿದ್ದಾನೆ. ಮುಂದೆ ಕೂತಿದ್ದ ಪುಟ್ಟ ಹುಡುಗ ಹೇಳಿದ, "ನಾನೂ ನಮ್ಮಪ್ಪನೂ ಗುಡುಗು ಬಂದ್ರೆ ಹಿಂಗೇ ನಿಂತ್ಕೋತೀವಿ. ನಮ್ಮ ಹೊಲದಾಗೆ ಒಂದೇ ಹುಣಸೆ ಮರ ಇರೋದು."

ನನಗೆ ಮಾತೇ ಹೊರಡಲಿಲ್ಲ. ಹೋದ ವರ್ಷ ನಮ್ಮ ಚಿಕ್ಕಪ್ಪನ ಎರಡು ಮೇಕೆ ಮರದ ಕೆಳಗೇ ಸಿಡಿಲಿಗೆ ಸತ್ತವು. ಚಿಕ್ಕಪ್ಪ ನೀರು ಕುಡಿಯಲು ಮನೆಗೆ ಬಂದಿದ್ದರು, ಉಳಿದರು. ಪುಸ್ತಕದ ಚಿತ್ರ ಚೆನ್ನಾಗಿತ್ತು. ಆದರೆ ಸಿಡಿಲಿನ ವಿಷಯ ಅದರಲ್ಲಿ ಇರಲೇ ಇಲ್ಲ.

ಮಿಸ್‌ಗೆ ಹೇಳಿದೆ. ಅವರು ಒಂದು ಬಿಳಿ ಹಾಳೆ ಕೊಟ್ಟರು. ಮಕ್ಕಳು ಚಿತ್ರ ಬರೆದರು, ನಾನು ಅಕ್ಷರ ಬರೆದೆ:

* ಗುಡುಗು ಕೇಳಿದ ಕೂಡಲೇ ಗಟ್ಟಿ ಮನೆಯೊಳಗೆ ಹೋಗಬೇಕು.
* ಮರದ ಕೆಳಗೆ ನಿಲ್ಲಬಾರದು. ಒಂಟಿ ಮರವಂತೂ ಬೇಡವೇ ಬೇಡ.
* ಕೆರೆ, ಬಾವಿ, ತಂತಿ ಬೇಲಿ, ವಿದ್ಯುತ್ ಕಂಬದಿಂದ ದೂರ ಇರಬೇಕು.
* ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬಾರದು.

ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದರೆ, 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ದೂರ. ಆದರೆ ಎಣಿಸುವುದು ಮನೆಯೊಳಗೆ ಕೂತು!

ಆ ಹಾಳೆಯನ್ನು ಮರದ ಚಿತ್ರದ ಪಕ್ಕದಲ್ಲೇ ಅನ್ನದ ಅಂಟಿನಿಂದ ಅಂಟಿಸಿದೆವು. ಎರಡು ವಾರದ ನಂತರ ಆ ಪುಟ್ಟ ಹುಡುಗ ಓಡಿ ಬಂದ. "ಅಕ್ಕ, ನಿನ್ನೆ ಗುಡುಗಿತು. ಅಪ್ಪನ ಕೈ ಹಿಡಿದು ಎಳೆದೆ. ಬೈದ್ರು. ಆದ್ರೂ ಮನೆಗೆ ಬಂದ್ರು."

ನೀವೂ ನಿಮ್ಮ ತಮ್ಮ ತಂಗಿಯರಿಗೆ ಓದಿ ಹೇಳಿ. ಇವತ್ತು ಆಕಾಶದಲ್ಲಿ ಯಾವ ಮೋಡ ಇದೆ? ನೋಡಿ ಬಂದು ಕೆಳಗಿನ ಖಾಲಿ ಜಾಗದಲ್ಲಿ ಬರೆಯಿರಿ.

— ಏಳನೇ ತರಗತಿಯ ವಿದ್ಯಾರ್ಥಿನಿ