ಸಂಘದ ಲೋಟಕ್ಕೆ ಯಾವ ಪ್ಲಾಸ್ಟಿಕ್ ಸೂಕ್ತ?



ತಾಯಲೂರು ಹೋಬಳಿಯ ನಮ್ಮ ಊರುಗಳಲ್ಲಿ ಸಭೆ ಮುಗಿದ ಮೇಲೆ ಬೀದಿಗೆ ಎಸೆದ ಲೋಟಗಳನ್ನು ದನಗಳು ತಿನ್ನುವ ಅಪಾಯವಿದೆ. ಪ್ಲಾಸ್ಟಿಕ್ ಜೀರ್ಣವಾಗದು. ಹಸುವಿನ ಹೊಟ್ಟೆಯಲ್ಲಿ ಗಂಟುಕಟ್ಟಿದರೆ ಮೇವು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ, ಪ್ರಾಣಕ್ಕೂ ಕುತ್ತು. ಕಾಗದದ ಲೋಟದ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಲೇಪನವಿರುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ.

ಆದ್ದರಿಂದ ತೊಳೆದು ಬಳಸುವ ಲೋಟಗಳನ್ನು ಸಂಘದಲ್ಲೇ ಇಟ್ಟುಕೊಳ್ಳುವುದು ಲೇಸು. ಸ್ಟೀಲ್ ಎಲ್ಲಕ್ಕಿಂತ ಉತ್ತಮ. ಪ್ಲಾಸ್ಟಿಕ್ಕೇ ಕೊಳ್ಳುವುದಾದರೆ ತಳದ ತ್ರಿಕೋನದಲ್ಲಿರುವ ಅಂಕಿ ನೋಡಿ:

1 (ಪೆಟ್): ಬಿಸಿಗೆ ಮೆತ್ತಗಾಗುತ್ತದೆ, ಬಿಸಿ ಹಾಲಿಗೆ ಬೇಡ.
5 (ಪಾಲಿಪ್ರೊಪಿಲೀನ್): ಸುಮಾರು 160 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದು, ಬಿಸಿ ಹಾಲು, ಟೀ, ಮಜ್ಜಿಗೆಗೆ ಸೂಕ್ತ.
6 (ಪಾಲಿಸ್ಟೈರೀನ್): ಬೇಗ ಸೀಳುತ್ತದೆ, ಬಿಸಿಗೆ ಆಗದು.
7: ಹಲವು ಬಗೆಗಳ ಗುಂಪು, ಯಾವುದೆಂದು ತಿಳಿಯದಿದ್ದರೆ ಕೊಳ್ಳಬೇಡಿ.

ಆಹಾರಕ್ಕೆ ಯೋಗ್ಯವೆಂದು ನಮೂದಿಸಿರುವ, ದಪ್ಪನೆಯ, ಒಳಗೆ ಗೆರೆಗಳಿಲ್ಲದ ಅಗಲ ಬಾಯಿಯ ಲೋಟ ಆರಿಸಿ. ಬಳಸಿದ ಕೂಡಲೇ ತಣ್ಣೀರಿನಲ್ಲಿ ಜಾಲಿಸಿ, ಬಳಿಕ ಬಿಸಿ ಸೋಪು ನೀರಿನಲ್ಲಿ ಉಜ್ಜಿ ತೊಳೆದು, ಬೋರಲು ಹಾಕಿ ಒಣಗಿಸಿ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಅಂಶ ಅಂಟಿಕೊಳ್ಳುತ್ತದೆ. ಗೀರು ಬಿದ್ದ ಲೋಟದಲ್ಲಿ ಜಿಡ್ಡು, ರೋಗಾಣು ಉಳಿಯುತ್ತವೆ. ಅದನ್ನು ಸುಡದೆ ಗುಜರಿಗೆ ಕೊಡಿ.

ನೆನಪಿಡಿ: ಲೋಟ ಎಷ್ಟು ಹೆಚ್ಚು ಸಲ ಬಳಕೆಯಾದರೆ ಅಷ್ಟು ಲಾಭ, ಬೀದಿಗೆ ಬೀಳದಿದ್ದರೆ ಹಸುವೂ ಕ್ಷೇಮ.