ಬೀಡಿ ಬಿಟ್ಟ ನಾಲ್ಕನೆಯ ದಿನ

ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳವರ ಹೆಸರನ್ನು ಗಡಿಯಾಚೆಯ ನಮ್ಮ ಭಕ್ತರೂ ಕೇಳಿರುತ್ತಾರೆ. ಪೂಜ್ಯರು ಜೋಳಿಗೆ ಹಿಡಿದು ಊರೂರು ತಿರುಗಿದರು. ಜೋಳ, ಅಕ್ಕಿ, ಹಣ ಯಾವುದನ್ನೂ ಬೇಡಲಿಲ್ಲ, ಜನರ ದುಶ್ಚಟಗಳನ್ನು ಬೇಡಿದರು. 1970ರ ದಶಕದಲ್ಲಿ ಆರಂಭವಾದ ಆ ‘ಮಹಾಂತ ಜೋಳಿಗೆ’ಗೆ ಬೀಡಿ ಕಟ್ಟು, ಸಿಗರೇಟು, ಗುಟ್ಕಾ ಚೀಟಿಗಳನ್ನು ಹಾಕಿ ಕೈ ಮುಗಿದವರು ಬಹಳ ಮಂದಿ. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ.

ಜೋಳಿಗೆಗೆ ಬೀಡಿ ಹಾಕುವ ದಿನ ಮನುಷ್ಯನಿಗೆ ಒಂದು ಉತ್ಸಾಹವಿರುತ್ತದೆ. ಎದುರಿಗೆ ಗುರುಗಳು, ಸುತ್ತಲೂ ನೆಂಟರಿಷ್ಟರು. ನಾಲ್ಕನೆಯ ದಿನ ಇವರು ಯಾರೂ ಇರುವುದಿಲ್ಲ. ತೋಟದಲ್ಲಿ ಮೋಟಾರು ಕೆಟ್ಟಿರುತ್ತದೆ, ಮಂಡಿಯಿಂದ ಬರಬೇಕಾದ ಹಣ ಬಂದಿರುವುದಿಲ್ಲ, ಮೈಯೊಳಗೆ ಏನೋ ಕಿತ್ತು ತಿನ್ನುವಂತೆ ಆಗುತ್ತಿರುತ್ತದೆ. ಹೆಂಡತಿ ಊಟಕ್ಕೆ ಕರೆದದ್ದೇ ತಪ್ಪಾಗಿ, ಯಜಮಾನ ತಟ್ಟೆ ತಳ್ಳಿ ಎದ್ದು ಹೋಗುತ್ತಾನೆ. “ಇದಕ್ಕಿಂತ ನೀವು ಬೀಡಿ ಸೇದುತ್ತಿದ್ದುದೇ ವಾಸಿಯಾಗಿತ್ತು” ಎಂದು ಮನೆಯವರೇ ಅನ್ನುವ ಹೊತ್ತು ಅದು. ಬಿಡಬೇಕೆಂಬ ಉಪದೇಶ ಬೇಕಾದಷ್ಟು ಆಗಿದೆ. ಬಿಟ್ಟ ಮೇಲಿನ ಈ ದಿನಗಳ ಬಗ್ಗೆ ಹೇಳುವವರು ಕಡಿಮೆ. ಈ ತಿಂಗಳ ಪಾಠ ಆ ದಿನಗಳಿಗಾಗಿ.

ಮೊದಲಿಗೆ ಒಂದು ಹಳೆಯ ಸಂಗತಿ. “ನಮ್ಮ ಶರಣರು ಹೊಗೆಸೊಪ್ಪು ಬೇಡವೆಂದು ಎಲ್ಲಿ ಹೇಳಿದ್ದಾರೆ?” ಎಂದು ವಾದಿಸುವವರಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಈ ಸೊಪ್ಪು ನಮ್ಮ ದೇಶದಲ್ಲಿ ಇರಲೇ ಇಲ್ಲ. ಅಮೆರಿಕ ಖಂಡದ ಈ ಗಿಡವನ್ನು ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಅಕ್ಬರ್ ಬಾದಶಹನ ದೂತನಾಗಿ ಬಿಜಾಪುರಕ್ಕೆ ಬಂದ ಅಸದ್ ಬೇಗ್ ಎಂಬಾತನು, ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ, ಅಲ್ಲಿ ಕಂಡ ಹೊಗೆಸೊಪ್ಪನ್ನು ಕೊಳವೆಯ ಸಮೇತ ಒಯ್ದು ದೊರೆಯ ಮುಂದಿಟ್ಟ ಕಥೆಯನ್ನು ತಾನೇ ಬರೆದಿಟ್ಟಿದ್ದಾನೆ. ಅರಮನೆಯ ವೈದ್ಯ ಬೇಡವೆಂದನು, ಆದರೂ ದೊರೆ ಒಂದೆರಡು ದಮ್ಮು ಎಳೆದು ನೋಡಿದನು. 1617ರಲ್ಲಿ ಜಹಾಂಗೀರನು ನಿಷೇಧಿಸುವ ಹೊತ್ತಿಗೆ ಚಟ ನಾಡಿಗೆಲ್ಲ ಹಬ್ಬಿತ್ತು. ಹೀಗೆ ನಮ್ಮ ಬಿಜಾಪುರದಿಂದಲೇ ಈ ಪಿಡುಗು ಮೊಘಲ್ ದರ್ಬಾರಿನ ದಾರಿ ಹಿಡಿಯಿತೆಂಬುದು ನಾವು ಹೆಮ್ಮೆಪಡುವ ವಿಷಯವೇನೂ ಅಲ್ಲ.

ಇನ್ನು ದೇಹದ ವಿಚಾರಕ್ಕೆ ಬರೋಣ. ಹೊಗೆಸೊಪ್ಪಿನಲ್ಲಿ ನಿಕೋಟಿನ್ ಎಂಬ ಪದಾರ್ಥವಿದೆ. ಹೊಗೆ ಎಳೆದ ಹತ್ತು ಹದಿನೈದು ಸೆಕೆಂಡುಗಳಲ್ಲಿ ಅದು ಮೆದುಳನ್ನು ಮುಟ್ಟಿ, ಅಲ್ಲಿ ಸಂತೋಷ ಕೊಡುವ ರಸವನ್ನು ಬಿಡಿಸುತ್ತದೆ. ದಿನವೂ ಹೀಗಾದಾಗ ನಿಕೋಟಿನ್‌ಗೆ ಬಾಯಿ ತೆರೆದು ಕಾಯುವ ಕೇಂದ್ರಗಳು ಮೆದುಳಿನಲ್ಲಿ ಹೆಚ್ಚುತ್ತವೆ. ರಕ್ತದಲ್ಲಿ ಅದರ ಅಂಶ ಸುಮಾರು ಎರಡು ಗಂಟೆಗೆ ಅರ್ಧದಷ್ಟು ಇಳಿಯುತ್ತದೆ. ಇಳಿದಂತೆಲ್ಲ ಆ ಕೇಂದ್ರಗಳು ಕೂಗಲು ಆರಂಭಿಸುತ್ತವೆ. ಸಿಡುಕು, ಚಡಪಡಿಕೆ, ಮಂಕು, ನಿದ್ದೆಗೇಡು, ಲೆಕ್ಕದ ಪುಸ್ತಕದ ಮೇಲೆ ಗಮನ ನಿಲ್ಲದಿರುವುದು, ವಿಪರೀತ ಹಸಿವು, ಮಲಬದ್ಧತೆ ಎಲ್ಲವೂ ಆ ಕೂಗಿನ ರೂಪಗಳೇ. ಬಿಟ್ಟ ಎರಡನೆಯ, ಮೂರನೆಯ ದಿನಗಳಲ್ಲಿ ಇದು ಅತಿ ಹೆಚ್ಚು. ಮೊದಲ ವಾರ ಕಷ್ಟ. ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ, ಹಸಿವು ಮಾತ್ರ ಇನ್ನೂ ಕೆಲವು ಕಾಲ ಉಳಿಯುತ್ತದೆ.

ಬೀಡಿಯು ಸಿಗರೇಟಿಗಿಂತ ಹಗುರವೆಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ತೂಪ್ರೆ ಎಲೆ ಬೇಗ ಆರುವುದರಿಂದ ಬೀಡಿಯನ್ನು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಒಳಗೆ ಹೋಗುವ ವಿಷ ಕಡಿಮೆಯೇನಲ್ಲ, ಬಿಡುವಾಗಿನ ಸಂಕಟವೂ ಅಷ್ಟೇ.

ವ್ಯಾಪಾರದ ಬಂಧುಗಳಿಗೆ ಇದನ್ನು ಸಾಲದ ಭಾಷೆಯಲ್ಲಿ ಹೇಳಬಹುದು. ಕಂದುವಟ್ಟಿಗೆ ಸಾಲ ತಂದವನು ಬಡ್ಡಿ ಕಟ್ಟಲು ಅದೇ ಸಾಹುಕಾರನಲ್ಲಿ ಮತ್ತೆ ಸಾಲ ತರುತ್ತಾನೆ. ಹಣ ಕೈಗೆ ಬಂದ ಗಳಿಗೆ ಹಾಯೆನಿಸುತ್ತದೆ. ಆದರೆ ಆ ಉಸಿರುಗಟ್ಟುವಿಕೆಯನ್ನು ತಂದಿಟ್ಟವನೂ ಅದೇ ಸಾಹುಕಾರನೇ. “ಬೀಡಿ ಸೇದಿದರೆ ನನಗೆ ಟೆನ್ಷನ್ ಇಳಿಯುತ್ತದೆ” ಎನ್ನುವುದು ಈ ಬಗೆಯ ಮಾತು. ಇಳಿಯುವುದರ ಬಹುಪಾಲು ಹಿಂದಿನ ಬೀಡಿ ಏರಿಸಿದ ಟೆನ್ಷನ್ನೇ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಪತ್ರಿಕೆಯಲ್ಲಿ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವರದಿ ಬಂತು. ಬಿಟ್ಟು ಕೆಲವು ವಾರ ದಾಟಿದವರಲ್ಲಿ ಆತಂಕ, ಖಿನ್ನತೆ, ಒತ್ತಡಗಳು ಸೇದುತ್ತಲೇ ಇದ್ದವರಿಗಿಂತ ಕಡಿಮೆಯಾಗಿದ್ದವು. ನಾಲ್ಕನೆಯ ದಿನದ ಸಿಡುಕನ್ನು ನೋಡಿ “ನನ್ನ ಸ್ವಭಾವವೇ ಹೀಗೆ, ಬೀಡಿಯೇ ನನ್ನನ್ನು ಹಿಡಿದಿಟ್ಟಿತ್ತು” ಎಂದು ತೀರ್ಮಾನಿಸುವುದು ಬಾಣಂತಿಯ ಮೊದಲ ವಾರವನ್ನು ನೋಡಿ ಅವಳ ಬಾಳನ್ನೆಲ್ಲ ಅಳೆದಂತೆ.

ನಮ್ಮ ಕೊಯಮತ್ತೂರು, ತಿರುಪ್ಪೂರು ಕಡೆ ಕಾರ್ತಿಕ ಮಾಸದಲ್ಲಿ ಅಯ್ಯಪ್ಪನ ಮಾಲೆ ಹಾಕುವ ನೆರೆಹೊರೆಯವರನ್ನು ಎಲ್ಲರೂ ನೋಡಿದ್ದೀರಿ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವರು 41 ದಿನ ಮುಟ್ಟದೆ ಇರುತ್ತಾರೆ. ಬೆಟ್ಟ ಇಳಿದು ಮಾಲೆ ತೆಗೆದ ಮೇಲೆ ಕೆಲವರು ಬಸ್ ಸ್ಟ್ಯಾಂಡಿನಲ್ಲೇ ಹೊತ್ತಿಸುತ್ತಾರೆ. ನಗುವ ವಿಷಯವಲ್ಲ ಇದು, ಒಳ್ಳೆಯ ಪಾಠವಿದೆ. 41 ದಿನಗಳಲ್ಲಿ ದೇಹದ ಕೂಗು ನಿಂತು ಬಹಳ ದಿನವಾಗಿರುತ್ತದೆ. ಅವರು ಹೊತ್ತಿಸಿದ್ದು ದೇಹ ಕೇಳಿತೆಂದಲ್ಲ, “ಅವಧಿ ಮುಗಿಯಿತು” ಎಂಬ ಲೆಕ್ಕದಿಂದ, ಮತ್ತು ಆ ಬಸ್ ಸ್ಟ್ಯಾಂಡು, ಆ ಚಹಾ, ಆ ಗೆಳೆಯರಿಂದ. ದೇಹದ ಚಟ ಒಂದು, ಜಾಗದ ಚಟ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಉಪಾಯ ಬೇಕು.

ದೇಹದ ಆಸೆ ಅಲೆಯಂತೆ ಬರುತ್ತದೆ. ಒಂದೊಂದು ಅಲೆಯ ಆಯಸ್ಸು ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ. ಸೇದಿದರೂ ಹೋಗುತ್ತದೆ, ಸೇದದಿದ್ದರೂ ಹೋಗುತ್ತದೆ. ಆ ಹತ್ತು ನಿಮಿಷವನ್ನು ಕಳೆಯುವುದೇ ಕೆಲಸ. “ಇನ್ನು ಜೀವನಪೂರ್ತಿ ಸೇದುವುದಿಲ್ಲ” ಎಂದು ಆ ಗಳಿಗೆಯಲ್ಲಿ ಯೋಚಿಸಬೇಡಿ, ಎದೆ ಕುಸಿಯುತ್ತದೆ. “ಈ ಹತ್ತು ನಿಮಿಷ ಸೇದುವುದಿಲ್ಲ” ಎನ್ನಿ. ಒಂದು ಚೊಂಬು ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಮೂಗಿನಿಂದ ನಿಧಾನ ಉಸಿರೆಳೆದು ಬಾಯಿಂದ ಇನ್ನೂ ನಿಧಾನ ಬಿಡಿ, ಹತ್ತು ಸಲ. ಕುಳಿತಿದ್ದರೆ ಏಳಿ, ನಿಂತಿದ್ದರೆ ನಡೆಯಿರಿ. ಬಾಯಿಗೆ ಏಲಕ್ಕಿ, ಲವಂಗ, ಸೋಂಪು, ನೆಲ್ಲಿಕಾಯಿ ಚೂರು ಯಾವುದಾದರೂ ಆಗಬಹುದು. ಕಡ್ಡಿಪುಡಿ, ಹೊಗೆಸೊಪ್ಪು ಹಾಕಿದ ಎಲೆಅಡಿಕೆ, ನಶ್ಯ ಮಾತ್ರ ಖಂಡಿತ ಬೇಡ. ಅವುಗಳಲ್ಲಿಯೂ ಅದೇ ನಿಕೋಟಿನ್ ಇದೆ, ಜೊತೆಗೆ ಬಾಯಿಯ ಕ್ಯಾನ್ಸರ್ ಇದೆ. ಬರಿ ಅಡಿಕೆಯೂ ಬಾಯಿಗೆ ಒಳ್ಳೆಯದಲ್ಲ.

ಜಾಗದ ಚಟಕ್ಕೆ ಜಾಗವನ್ನೇ ಬದಲಿಸಬೇಕು. ನಮ್ಮ ಕಡೆ ಬೇಕರಿ ಎಂದರೆ ರೊಟ್ಟಿ ಮಾರುವ ಅಂಗಡಿ ಮಾತ್ರವಲ್ಲ, ಚಹಾ ಹಿಡಿದು ನಿಂತು ಹೊಗೆ ಬಿಡುವ ಗಂಡಸರ ಕಟ್ಟೆಯೂ ಹೌದು. ಶರವಣಂಪಟ್ಟಿಯಿಂದ ಅನ್ನೂರು, ಪುಳಿಯಂಪಟ್ಟಿಯವರೆಗೆ ಸತ್ಯಮಂಗಲ ರಸ್ತೆಯ ಉದ್ದಕ್ಕೂ ಇವು ಇವೆ. ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ಬೇಕರಿಯ ಮುಂದೆ ಅದನ್ನು ನೆನೆಯುವವರು ಯಾರು? ಒಂದು ತಿಂಗಳು ಚಹಾವನ್ನು ಅಂಗಡಿಯ ಗಲ್ಲಾದ ಬಳಿಗೇ ತರಿಸಿಕೊಳ್ಳಿ. ಗೆಳೆಯರಿಗೆ ಬೇಸರವಾದರೆ ಆಗಲಿ. ತಾಳವಾಡಿ, ಸತ್ಯಮಂಗಲ ಭಾಗದ ರೈತರಿಗೆ ಇನ್ನೊಂದು ಕಷ್ಟವಿದೆ. ಆನೆ, ಹಂದಿ ಕಾಯಲು ಅಟ್ಟಣೆಯ ಮೇಲೆ ರಾತ್ರಿ ಕೂತವನಿಗೆ ಬೀಡಿಯೇ ಜೊತೆಗಾರ. ಅವರು ಬಿಡುವ ಮೊದಲ ಎರಡು ವಾರ ಒಂಟಿಯಾಗಿ ಕಾವಲಿಗೆ ಹೋಗದೆ, ಸೇದದ ಅಣ್ಣತಮ್ಮಂದಿರು ಯಾರಾದರೂ ಜೊತೆ ಬರುವಂತೆ ನೋಡಿಕೊಳ್ಳಬೇಕು. ಬಿಡುವ ದಿನವನ್ನೂ ಸುಗ್ಗಿಯ ಕಾವಲಿನ ನಡುವೆ ಇಟ್ಟುಕೊಳ್ಳಬಾರದು. ವ್ಯಾಪಾರಿಗಳು ಮಾರ್ಚಿ ಲೆಕ್ಕ ಮುಗಿಸುವ ವಾರವನ್ನು ಬಿಟ್ಟು ಬೇರೆ ದಿನ ಆರಿಸಿಕೊಳ್ಳಲಿ.

ಕಾಫಿಯ ವಿಚಾರ ಬಹಳ ಜನರಿಗೆ ತಿಳಿಯದು, ಆದ್ದರಿಂದ ಬಿಡಿಸಿ ಹೇಳಬೇಕು. ಹೊಗೆಯಲ್ಲಿರುವ ಟಾರು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸಿ, ಕಾಫಿಯ ಕೆಫೀನನ್ನು ಬೇಗ ಕರಗಿಸಿಬಿಡುತ್ತದೆ. ಅದಕ್ಕಾಗಿಯೇ ಸೇದುವವರು ದಿನಕ್ಕೆ ಆರು ಲೋಟ ಕುಡಿದೂ ಹಾಯಾಗಿ ಮಲಗುತ್ತಾರೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಯಕೃತ್ತು ಹಳೆಯ ವೇಗಕ್ಕೆ ಮರಳುತ್ತದೆ. ಅದೇ ಆರು ಲೋಟದಿಂದ ರಕ್ತದಲ್ಲಿ ಸುಮಾರು ಎರಡರಷ್ಟು ಕೆಫೀನ್ ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ಒಂದು ಗಂಟೆಯಾದರೂ ಕಣ್ಣು ಮುಚ್ಚದಿರುವುದು ಶುರುವಾಗುತ್ತದೆ. ಬೀಡಿ ಬಿಟ್ಟದ್ದರಿಂದ ಹೀಗಾಯಿತೆಂದು ಮನುಷ್ಯ ತಪ್ಪು ತಿಳಿಯುತ್ತಾನೆ. ಬಿಟ್ಟ ದಿನದಿಂದ ಕಾಫಿ, ಚಹಾಗಳನ್ನು ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡ. ಮಜ್ಜಿಗೆ, ಎಳನೀರು, ಜೀರಿಗೆ ನೀರು ಸಾಕು. ಇದೇ ಕಾರಣಕ್ಕೆ, ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ, ಮನೋರೋಗಕ್ಕೆ ಕೆಲವು ಮಾತ್ರೆ ತೆಗೆದುಕೊಳ್ಳುವವರು ಬೀಡಿ ಬಿಡುವ ಮುಂಚೆಯೇ ವೈದ್ಯರಿಗೆ ತಿಳಿಸಬೇಕು, ಪ್ರಮಾಣ ಬದಲಿಸಬೇಕಾಗಬಹುದು. ಸಕ್ಕರೆ ಕಾಯಿಲೆಯವರೂ ಆ ದಿನಗಳಲ್ಲಿ ರಕ್ತಪರೀಕ್ಷೆ ಮಾಡಿಸುತ್ತಿರಬೇಕು.

ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ತೂಕ ಏರುವುದುಂಟು. ಬಾಯಿರುಚಿ ಮರಳಿದ್ದೂ ಇದಕ್ಕೆ ಒಂದು ಕಾರಣ. ಮುರುಕು, ಮಿಕ್ಸ್ಚರ್ ಬದಲು ಹುರಿಗಡಲೆ, ಸೌತೆಕಾಯಿ ಕೈಗೆಟುಕುವಂತೆ ಇಟ್ಟುಕೊಳ್ಳಿ. ತೂಕಕ್ಕೆ ಹೆದರಿ ಬೀಡಿಗೆ ಮರಳುವುದು ಇಲಿಗೆ ಹೆದರಿ ಕಣಜಕ್ಕೆ ಬೆಂಕಿ ಇಟ್ಟಂತೆ.

ಈಗ ಮನೆಯ ತಾಯಂದಿರಿಗೆ ನಾಲ್ಕು ಮಾತು. ಬಿಡುವವರು ಮುಂಚಿತವಾಗಿಯೇ ಮನೆಮಂದಿಗೆ, “ಹತ್ತು ಹದಿನೈದು ದಿನ ನನ್ನ ಮಾತು ಒರಟಾಗಬಹುದು, ನಿಮ್ಮ ಮೇಲಿನ ಕೋಪವಲ್ಲ” ಎಂದು ಬಾಯಿಬಿಟ್ಟು ಹೇಳಬೇಕು. ನಮ್ಮ ಗಂಡಸರಿಗೆ ಇಷ್ಟು ಹೇಳುವುದು ಬೀಡಿ ಬಿಡುವುದಕ್ಕಿಂತ ಕಷ್ಟ. ಹಾಗೆ ಹೇಳಿದವರಿಗೆ ಮನೆಯವರು ಆ ದಿನಗಳಲ್ಲಿ ಸಾಲ, ಮದುವೆ, ಭಾಗದ ಮಾತು ತೆಗೆಯದೆ ಉಪಕರಿಸಬಹುದು. ಜೇಬು ತಡಕುವುದು, ಬಾಯಿ ಮೂಸುವುದು ಬೇಡ. “ಐದು ದಿನ ಆಯಿತು” ಎಂದು ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಹೆಚ್ಚು ಕೆಲಸ ಮಾಡುತ್ತದೆ. ಆದರೆ ಸಿಡುಕಿನ ಹೆಸರಿನಲ್ಲಿ ಯಾರೂ ಹೆಂಡತಿ ಮಕ್ಕಳ ಮೇಲೆ ಕೈ ಎತ್ತುವಂತಿಲ್ಲ. ನಿಕೋಟಿನ್ ಇಳಿದದ್ದು ಅದಕ್ಕೆ ನೆಪವಾಗದು.

ಮಂಕು ಎರಡು ವಾರ ಕಳೆದರೂ ಇಳಿಯದಿದ್ದರೆ, ಊಟ ನಿದ್ದೆ ಬಿಟ್ಟುಹೋದರೆ, ಬದುಕು ಸಾಕೆನಿಸಿದರೆ, ಅದನ್ನು ಬೀಡಿಯ ಲೆಕ್ಕಕ್ಕೆ ಬರೆದು ಸುಮ್ಮನಿರಬಾರದು. ಮೊದಲೇ ಖಿನ್ನತೆ ಇದ್ದವರಲ್ಲಿ ಅದು ಈ ಸಮಯದಲ್ಲಿ ಮರುಕಳಿಸಬಹುದು. ಕೂಡಲೇ ವೈದ್ಯರನ್ನು ಕಾಣಬೇಕು. 2022ರಿಂದ ನಡೆಯುತ್ತಿರುವ ಟೆಲಿಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಮಾತಾಡಬಹುದು.

ಔಷಧದ ನೆರವು ಪಡೆಯುವುದು ಹೇಡಿತನವೆಂದು ಕೆಲವರು ಭಾವಿಸುತ್ತಾರೆ. ಜ್ವರಕ್ಕೆ ಮಾತ್ರೆ ನುಂಗುವವರೇ ಹೀಗೆನ್ನುವುದು ವಿಚಿತ್ರ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೆನ್ನುವವರಿಗೆ ಚಟ ಆಳವಾಗಿದೆ ಎಂದರ್ಥ, ಅವರಿಗೆ ಈ ನೆರವು ಬೇಕೇ ಬೇಕು. ನಿಕೋಟಿನ್ ಇರುವ ಚೂಯಿಂಗ್ ಗಮ್ ಔಷಧದಂಗಡಿಗಳಲ್ಲಿ ದೊರೆಯುತ್ತದೆ. ಅದರಲ್ಲಿ ಹೊಗೆಯಿಲ್ಲ, ಟಾರಿಲ್ಲ. ಕೂಗುವ ಕೇಂದ್ರಗಳಿಗೆ ಸ್ವಲ್ಪ ಸ್ವಲ್ಪ ಕೊಟ್ಟು, ಕ್ರಮೇಣ ಕಡಿಮೆ ಮಾಡಿ, ಸುಮಾರು ಮೂರು ತಿಂಗಳಲ್ಲಿ ನಿಲ್ಲಿಸುವ ಉಪಾಯವದು. ಎಲೆಅಡಿಕೆಯಂತೆ ಒಂದೇ ಸಮನೆ ಅಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು ಬರುತ್ತದೆ. ನಿಧಾನ ಅಗಿದು, ಖಾರದ ರುಚಿ ಬಂದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಬೇಕು. ರುಚಿ ಮಾಯವಾದಾಗ ಮತ್ತೆ ಅಗಿಯಬೇಕು. ಕಾಫಿ, ಚಹಾ, ಹುಳಿ ಪಾನೀಯ ಕುಡಿದ ಕಾಲು ಗಂಟೆಯೊಳಗೆ ಅದು ಸರಿಯಾಗಿ ಹೀರುವುದಿಲ್ಲ. ಬುಪ್ರೋಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆ, ಅವು ವೈದ್ಯರ ಚೀಟಿಯಿಂದಲೇ. ಹೃದ್ರೋಗಿಗಳು, ಬಸುರಿಯರು ಗಮ್ಮಿಗೂ ವೈದ್ಯರನ್ನು ಕೇಳಬೇಕು.

“ಅರವತ್ತಾಯಿತು, ಇನ್ನು ಬಿಟ್ಟೇನು ಲಾಭ” ಎನ್ನುವ ಹಿರಿಯರಿಗೆ ಒಂದು ಲೆಕ್ಕ. ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಿಂದ ಐವತ್ತು ವರ್ಷ ಅಲ್ಲಿನ ವೈದ್ಯರ ಅಭ್ಯಾಸಗಳನ್ನು ಹಿಂಬಾಲಿಸಿ 2004ರಲ್ಲಿ ಫಲಿತಾಂಶ ಕೊಟ್ಟರು. ಅರವತ್ತರಲ್ಲಿ ಬಿಟ್ಟವರಿಗೆ ಸುಮಾರು ಮೂರು ವರ್ಷ, ಐವತ್ತರಲ್ಲಿ ಬಿಟ್ಟವರಿಗೆ ಆರು, ನಲವತ್ತರಲ್ಲಿ ಬಿಟ್ಟವರಿಗೆ ಒಂಬತ್ತು ವರ್ಷ ಆಯಸ್ಸು ಮರಳಿ ದಕ್ಕಿತು. ಮೊಮ್ಮಗನ ಮೂರು ವರ್ಷವೆಂದರೆ ಸಣ್ಣದೇ?

ಕೊನೆಯದಾಗಿ, ನಡುವೆ ಜಾರಿದವರ ಮಾತು. ಮಠದಲ್ಲಿ ಪ್ರಮಾಣ ಮಾಡಿ, ಹನ್ನೆರಡನೆಯ ದಿನ ಮದುವೆ ಮನೆಯಲ್ಲಿ ಒಂದು ಸೇದಿದವನಿಗೆ ಎರಡು ದಾರಿ ಕಾಣುತ್ತದೆ. “ಹೇಗೂ ಮಾತು ತಪ್ಪಿದೆ” ಎಂದು ಸಂಜೆಗೆ ಒಂದು ಕಟ್ಟು ಕೊಳ್ಳುವುದು ಒಂದು. ಗುರುಗಳಿಗೆ ಮುಖ ತೋರಿಸುವುದು ಹೇಗೆಂದು ಮಠದ ಕಡೆಗೇ ಬರದಿರುವುದು ಇನ್ನೊಂದು. ಎರಡೂ ಬೇಡ. ಬಿಟ್ಟವರಲ್ಲಿ ಹೆಚ್ಚಿನವರು ಹಲವು ಸಲ ಪ್ರಯತ್ನಿಸಿಯೇ ಬಿಟ್ಟವರು. ಒಂದು ಪೈರು ಒಣಗಿತೆಂದು ಯಾವ ರೈತನೂ ಗದ್ದೆಯನ್ನೆಲ್ಲ ಉತ್ತು ಹಾಕುವುದಿಲ್ಲ. ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಜಾರಿತೆಂದು ಬರೆದಿಟ್ಟುಕೊಂಡು, ಉಳಿದ ಬೀಡಿಯನ್ನು ನೀರಿಗೆ ಹಾಕಿ, ಅದೇ ದಿನದಿಂದ ಮುಂದುವರಿಯಬೇಕು. ಜಾರಿದವರು ಮಠಕ್ಕೆ ಬರಲು ಸಂಕೋಚಪಡಬಾರದು. ಅವರನ್ನು ನೋಡಿ ನಗುವ ಸೇದದವರೇ ಸಂಕೋಚಪಡಲಿ.

ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356. 2016ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಕೇಂದ್ರವಿದ್ದು, ಕನ್ನಡ, ತಮಿಳು ಎರಡರಲ್ಲಿಯೂ ಮಾತನಾಡಬಹುದು. ಕರೆಗೆ ಹಣವಿಲ್ಲ. ಬೀಡಿ, ಸಿಗರೇಟು ಪ್ಯಾಕಿನ ಮೇಲೆಯೇ ಈ ಸಂಖ್ಯೆ ಅಚ್ಚಾಗಿರುತ್ತದೆ. ಕೊನೆಯ ಪ್ಯಾಕನ್ನು ಎಸೆಯುವ ಮೊದಲು ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.